ಒಂದಣ್ಣ ಎಲ್ಲಿ?

ನಮ್ಮ ಕಡೆ ಮನೆಯ ಮಕ್ಕಳನ್ನು ಎಣಿಸುವುದು ಎರಡರಿಂದ. ಮೊದಲು ಹುಟ್ಟಿದವನು ಎರಡಣ್ಣ, ಅವನ ಬೆನ್ನಿಗೆ ಬಿದ್ದವಳು ಮೂರಕ್ಕ, ಆಮೇಲೆ ನಾಲ್ಕು, ಐದು, ದೇವರು ಕೊಟ್ಟಷ್ಟು. ಒಂದು ಯಾಕಿಲ್ಲ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಚೊಚ್ಚಲ ಮಗುವಿಗೆ ಕಣ್ಣು ಬೀಳದಿರಲಿ ಅಂತ ಕೆಲವರು, ಹಿಂದಿನ ಕಾಲದಲ್ಲಿ ಊರ ಯಜಮಾನನಿಗೆ ಮಾತ್ರ ಆ ಹೆಸರು ಸಲ್ಲುತ್ತಿತ್ತು ಅಂತ ಕೆಲವರು. ನಾನು ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ. ‘ಬಾಯಿ ಮುಚ್ಕೊಂಡು ಅನ್ನ ತಿನ್ನು’ ಅಂದಿದ್ದಳು. ಅಲ್ಲಿಗೆ ಬಿಟ್ಟೆ. ಉತ್ತರದ ಹನೋಯ್ ಕಡೆಯವರು ಮಾತ್ರ ಒಂದರಿಂದಲೇ ಎಣಿಸುತ್ತಾರೆ, ಅವರ ಹಣೆಬರಹ. ಈ ಮೆಕಾಂಗ್ ನದಿ ಕಡಲು ಸೇರುವಲ್ಲಿ ಬದುಕುವ ನಮಗೆ ಇದರಿಂದ ಒಂದು ದಿನವೂ ತೊಂದರೆ ಆದದ್ದಿಲ್ಲ, ಡೆನ್ಮಾರ್ಕಿನಿಂದ ಹೆನ್ರಿಕ್ ಸಾಹೇಬ ಬರುವ ತನಕ.

ಸಾಹೇಬ ಬಂದದ್ದು ಲೋಯ್‌ನ ಮನೆಗೆ. ಲೋಯ್ ಅಂದರೆ ನಮ್ಮ ಬೆನ್ ಟ್ರೆ ಸೀಮೆಯ ಕಾಲುವೆ ದಂಡೆಯ ಮೇಲೆ ತೆಂಗಿನಕಾಯಿ ಮಿಠಾಯಿ ಮಾಡುವವನು. ಐವತ್ತು ದಾಟಿದೆ. ಮನೆಯ ಹಿರಿಮಗ, ಹಾಗಾಗಿ ಹುಟ್ಟಿದ ದಿನದಿಂದ ಎರಡಣ್ಣ. ಅವನ ಹೆಂಡತಿ ಎರಡತ್ತಿಗೆ, ಗಂಡನ ಅಂಕಿಯೇ ಹೆಂಡತಿಗೂ. ತಂಗಿ ಮೂರಕ್ಕ ಗಂಡನ ಮನೆಯಲ್ಲಿ ಬಾಳಲಾರೆ ಅಂತ ವಾಪಸ್ಸು ಬಂದವಳು, ಅಣ್ಣನ ಒಲೆ, ಅಣ್ಣನ ಆಳುಗಳು, ಕೊನೆಗೆ ಅಣ್ಣ, ಮೂರನ್ನೂ ಹದ್ದುಬಸ್ತಿನಲ್ಲಿ ಇಟ್ಟಿದ್ದಳು.

ಕಾರ್ಖಾನೆ ಅನ್ನುವುದು ಬೋರ್ಡಿನ ಮೇಲಿನ ಮಾತು. ತಗಡಿನ ಮಾಡು, ನಾಲ್ಕು ಕೊಪ್ಪರಿಗೆ, ಮಿಠಾಯಿಗೆ ಹಾಳೆ ಸುತ್ತುವ ಹೆಂಗಸರ ಒಂದು ಸಾಲು. ಪಟ್ಟಣದ ದೊಡ್ಡ ಕಂಪನಿ ಯಂತ್ರದಲ್ಲಿ ಸುತ್ತಿದ ಮಿಠಾಯಿ ತಂದಮೇಲೆ ಅಂಗಡಿಯವರು ಎರಡಣ್ಣನ ಡಬ್ಬಗಳನ್ನು ತೆಗೆದು ಹಿಂದೆ ಇಟ್ಟರು. ನಾಲ್ಕು ಕೊಪ್ಪರಿಗೆಯಲ್ಲಿ ಎರಡು ಕವುಚಿ ಬಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಸೀಗಡಿ ಸುಲಿಯುವ ಕೆಲಸಕ್ಕೆ ಹೋದರು. ಅಪ್ಪ ಹಚ್ಚಿದ ಒಲೆ ತನ್ನ ಕಾಲದಲ್ಲೇ ಆರಿಹೋದರೆ ಸತ್ತಮೇಲೆ ಅಪ್ಪನಿಗೆ ಮುಖ ತೋರಿಸುವುದು ಹೇಗೆ ಅಂತ ಎರಡಣ್ಣ ಒಳಗೊಳಗೇ ಕರಗುತ್ತಿದ್ದ.

ಆಗ ಬಂತು ಡೆನ್ಮಾರ್ಕಿನ ಸುದ್ದಿ. ಅಲ್ಲಿನ ಒಂದು ಮಿಠಾಯಿ ಮನೆತನ ಇಲ್ಲಿ ದುಡ್ಡು ಹಾಕುತ್ತದಂತೆ. ಸುತ್ತುವ ಯಂತ್ರ ಅವರದು, ಒಲೆ ನಮ್ಮದು, ಲಾಭದಲ್ಲಿ ಅವರಿಗೆ ಅರ್ಧ. ಇದ್ದ ಕೆಲಸದವರನ್ನು ಯಾರನ್ನೂ ಬಿಡಿಸುವಂತಿಲ್ಲ, ಎರಡಣ್ಣನೇ ನಿರ್ದೇಶಕ. ಪಟ್ಟಣದ ದಲ್ಲಾಳಿ ಫೋನು ಮಾಡಿ, ಮಂಗಳವಾರ ಸಾಹೇಬರು ಖುದ್ದಾಗಿ ಬಂದು ಸಹಿ ಹಾಕುತ್ತಾರೆ, ಭಾಷೆ ಗೊತ್ತು, ದುಭಾಷಿ ಬೇಡ ಅಂದಿದ್ದಾರೆ ಅಂದ. ಎರಡಣ್ಣ ಹೊಸ ಬಿಳಿ ಅಂಗಿ ಹೊಲಿಸಿದ. ಪಿತೃಗಳ ಪೀಠಕ್ಕೆ ಊದುಬತ್ತಿ ಹಚ್ಚಿ, ಏನೇ ಆಗಲಿ ಇವತ್ತು ಸಹಿ ಆಗದೆ ಈ ಮನುಷ್ಯನನ್ನು ಹೊಸಿಲು ದಾಟಿಸುವುದಿಲ್ಲ ಅಂತ ಅಪ್ಪನ ಫೋಟೋಕ್ಕೆ ಮಾತು ಕೊಟ್ಟ.

ಸಾಹೇಬ ಬೆಳಗಿನ ದೋಣಿಗೇ ಬಂದ. ತಾಳೆಮರದಷ್ಟು ಎತ್ತರ, ಬೇಯಿಸಿದ ಸೀಗಡಿಯ ಬಣ್ಣ. ಹನೋಯ್‌ನಲ್ಲಿ ಒಂದು ವರ್ಷ ಮೇಡಂ ಒಬ್ಬರ ಹತ್ತಿರ ನಮ್ಮ ಭಾಷೆ, ನಮ್ಮ ರೀತಿ ನೀತಿ ಎಲ್ಲ ಕಲಿತಿದ್ದನಂತೆ. ಬಾಯಿ ಬಿಟ್ಟರೆ ಶಾಸನ ಓದಿದ ಹಾಗೆ. ಎರಡೂ ಕೈಯಲ್ಲಿ ತನ್ನ ಹೆಸರಿನ ಚೀಟಿ ಕೊಟ್ಟು ಬಗ್ಗಿದ, ಎಲ್ಲರ ವಯಸ್ಸು ವಿಚಾರಿಸಿದ, ಚಹಾ ಬಂದರೆ ಹಿರಿಯರು ಕುಡಿಯುವ ತನಕ ಲೋಟ ಮುಟ್ಟಲಿಲ್ಲ. ಸುತ್ತುವ ಹೆಂಗಸರು ಕಿಟಕಿಯಲ್ಲಿ ನಿಂತು, ಎಂಥ ಸಂಸ್ಕಾರ ನೋಡ್ರೇ ಅಂತ ಮಾತಾಡಿಕೊಂಡರು. ಎರಡಣ್ಣನಿಗೆ ಅರ್ಧ ಸಹಿ ಆದಷ್ಟು ಸಂತೋಷ.

ಅಷ್ಟರಲ್ಲಿ ಯಾರೋ ಹೊರಗಿನಿಂದ ‘ಎರಡಣ್ಣಾ, ಕಾಯಿ ದೋಣಿ ಬಂತು’ ಅಂತ ಕೂಗಿದರು. ಸಾಹೇಬ ಕಿವಿ ನಿಮಿರಿಸಿದ.

“ತಾವು ಎರಡನೆಯವರೇ? ಹಾಗಾದರೆ ತಮ್ಮ ಅಗ್ರಜರ ದರ್ಶನ ಯಾವಾಗ ಆಗುವುದು? ಒಂದಣ್ಣನವರು ಎಲ್ಲಿದ್ದಾರೆ?”

ಮನೆಯವರೆಲ್ಲ ಗೊಳ್ಳೆಂದು ನಕ್ಕರು. ಎರಡಣ್ಣನೂ ನಕ್ಕು, ನಮ್ಮಲ್ಲಿ ಒಂದು ಅನ್ನುವುದೇ ಇಲ್ಲ, ಎಣಿಕೆ ಎರಡರಿಂದ, ನಾನೇ ದೊಡ್ಡವನು ಅಂತ ವಿವರಿಸಿದ. ಸಾಹೇಬ ತಲೆದೂಗಿದ. ಆ ತಲೆದೂಗಿದ ರೀತಿಯಲ್ಲೇ ಏನೋ ಎಡವಟ್ಟಿತ್ತು. ಈ ಜನ ನಾಚಿಕೆಯಾದಾಗ ನಗುತ್ತಾರೆ, ಮನೆಯ ಕಷ್ಟವನ್ನು ನೇರವಾಗಿ ಹೇಳುವುದಿಲ್ಲ, ಇವರು ‘ಹೂಂ’ ಅಂದರೆ ಕೇಳಿಸಿಕೊಂಡೆ ಅಂತ ಮಾತ್ರ ಅರ್ಥ, ಒಪ್ಪಿದೆ ಅಂತಲ್ಲ ಎಂದು ಹನೋಯ್ ಮೇಡಂ ಒತ್ತಿ ಒತ್ತಿ ಹೇಳಿಕೊಟ್ಟಿದ್ದರು. ಸಾಹೇಬ ದನಿ ತಗ್ಗಿಸಿ, ಅಣ್ಣತಮ್ಮಂದಿರಲ್ಲಿ ಮನಸ್ತಾಪ ಎಲ್ಲ ಮನೆಯಲ್ಲೂ ಇರುತ್ತದೆ, ನಾನು ಕೆದಕುವುದಿಲ್ಲ, ಅವರು ಬರುವ ತನಕ ಕಾಯುತ್ತೇನೆ ಅಂದ.

“ಮನಸ್ತಾಪ ಇಲ್ಲ ಸಾರ್. ಅಣ್ಣನೇ ಇಲ್ಲ,” ಅಂದ ಎರಡಣ್ಣ.

“ಅಷ್ಟೊಂದು ಕೋಪವೇ?” ಅಂದ ಸಾಹೇಬ, ಕನಿಕರದಿಂದ.

ಅವನ ಹಟಕ್ಕೆ ಕಾರಣವೂ ಇತ್ತು, ಅದನ್ನೂ ಹೇಳಿಬಿಟ್ಟ. ಹಿಂದೆ ಉತ್ತರದ ಒಂದು ಊರಲ್ಲಿ ಕುರ್ಚಿ ಮಾಡುವವರ ಜೊತೆ ವ್ಯವಹಾರ ಕುದುರಿಸಿ ಮನೆಯ ಎರಡನೆಯವನ ಹತ್ತಿರ ಸಹಿ ಹಾಕಿಸಿಕೊಂಡಿದ್ದನಂತೆ. ವಾರ ಕಳೆಯುವುದರಲ್ಲಿ ದೊಡ್ಡಣ್ಣ ಪ್ರತ್ಯಕ್ಷನಾಗಿ, ನನ್ನನ್ನು ಕೇಳದೆ ಇವನ್ಯಾರು ಸಹಿ ಹಾಕೋಕೆ ಅಂತ ಯಂತ್ರಗಳನ್ನು ರಸ್ತೆಗೆ ಇಳಿಸಿದ. ಅವತ್ತೇ ಸಾಹೇಬ ಶಪಥ ಮಾಡಿದ: ಇನ್ನು ಮನೆಯ ಒಂದನೆಯವರನ್ನು ಕಾಣದೆ ಪೆನ್ನು ತೆಗೆಯುವುದಿಲ್ಲ. ಈಗ ಪೆನ್ನನ್ನು ಕೋಟಿನ ಒಳಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡ.

ಎರಡತ್ತಿಗೆ ಮಿಠಾಯಿ ತಟ್ಟೆ ತಂದಳು. ‘ಇವರು ನಮ್ಮ ಎರಡತ್ತಿಗೆ’ ಅಂತ ಮೂರಕ್ಕ ಪರಿಚಯ ಮಾಡಿಕೊಟ್ಟಳು. ಸಾಹೇಬ ಎದ್ದು ನಿಂತು ಕೈಮುಗಿದು, ಒಂದನೆಯ ಪತ್ನಿಯವರು ಕ್ಷೇಮವೇ ಅಂತ ವಿಚಾರಿಸಿದ.

ಎರಡತ್ತಿಗೆ ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು. ಗಂಡನ ಕಡೆ ತಿರುಗಿ, “ಯಾರವಳು?” ಅಂದಳು.

ಎರಡಣ್ಣ ಅಂಕಿಯ ಗೊಂದಲವನ್ನು ಬಿಡಿಸಿ ಹೇಳಲು ಹೋದ. ಆದರೆ ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಹೆಂಗಸು ಗಂಡ ತಡವರಿಸಿದ್ದನ್ನು ನೋಡುತ್ತಾಳೆಯೇ ಹೊರತು ಹೇಳಿದ್ದನ್ನು ಕೇಳುವುದಿಲ್ಲ. “ಡೆನ್ಮಾರ್ಕಿನ ತನಕ ಸುದ್ದಿ ಹೋಗಿದೆ, ಈ ಮನೇಲಿ ಅನ್ನ ಬೇಯ್ಸೋಳಿಗೆ ಮಾತ್ರ ಗೊತ್ತಿಲ್ಲ,” ಅಂತ ಹೇಳಿ ಒಳಗೆ ಹೋಗಿ ಕೋಣೆಯ ಅಗುಳಿ ಹಾಕಿಕೊಂಡಳು. ಸಾಹೇಬ, ನೋಡಿದಿರಾ, ಈ ಮನೆಯಲ್ಲಿ ಒಂದನೆಯವರ ಹೆಸರೆತ್ತಿದರೆ ಸಾಕು ಎಲ್ಲರೂ ನೋಯುತ್ತಾರೆ ಎಂಬಂತೆ ನಿಟ್ಟುಸಿರು ಬಿಟ್ಟ.

ಎರಡಣ್ಣ ಸೋಲುವ ಜಾತಿಯಲ್ಲ. ಸಾಕ್ಷಿ ಬೇಕಾದರೆ ಇಡೀ ಊರೇ ಇದೆಯಲ್ಲ ಅಂತ ಸುತ್ತುವ ಹೆಂಗಸರನ್ನು, ಕಾಯಿ ದೋಣಿಯವರನ್ನು, ಪಕ್ಕದ ಮನೆಯವರನ್ನು ಅಂಗಳದಲ್ಲಿ ನಿಲ್ಲಿಸಿದ. ಅವರಿಗೆ ಇಂಥ ಕೆಲಸ ಅಂದರೆ ಪ್ರಾಣ. ನಮ್ಮ ಮನೇಲೂ ಒಂದಣ್ಣ ಇಲ್ಲ ಸಾರ್ ಅಂದರು. ನಮ್ಮತ್ತೆ ಮನೇಲೂ ಇಲ್ಲ, ಈ ಕಾಲುವೆ ಉದ್ದಕ್ಕೂ ಹುಡುಕಿದರೂ ಒಬ್ಬ ಒಂದಣ್ಣ ಸಿಗೋದಿಲ್ಲ ಅಂತ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಸಾಹೇಬನ ಮುಖದ ಬಣ್ಣ ಇಳಿಯುತ್ತಾ ಬಂತು. ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

“ಎಲ್ಲರೂ? ಪ್ರತಿ ಮನೆಯಲ್ಲೂ?” ಅಂದ. ಕಣ್ಣಲ್ಲಿ ನೀರು.

ಯಾವ ರೋಗವೋ, ಯಾವ ನೆರೆಯೋ, ಯಾವ ಯುದ್ಧವೋ, ಇಡೀ ಸೀಮೆಯ ಚೊಚ್ಚಲ ಮಕ್ಕಳನ್ನು ಕೊಂಡೊಯ್ದಿದೆ ಅಂತ ಅವನು ತಿಳಿದುಕೊಂಡ. ಸೀದಾ ಪಿತೃಗಳ ಪೀಠದ ಮುಂದೆ ಹೋಗಿ ಊದುಬತ್ತಿ ಹಚ್ಚಿ, ಇದರಲ್ಲಿ ಒಂದಣ್ಣನವರ ಭಾವಚಿತ್ರ ಯಾವುದು ಅಂತ ಕೇಳಿದ. ಎರಡಣ್ಣನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೂರಕ್ಕನಿಗೆ ಮಾತ್ರ ಇದರಲ್ಲಿ ಒಂದು ದಾರಿ ಕಂಡಿತು. ಸತ್ತುಹೋದ ಅಂತಲೇ ಒಪ್ಪಿಕೊಂಡುಬಿಡೋಣ, ಪೀಡೆ ಕಳೆಯುತ್ತದೆ ಅಂತ ಅಣ್ಣನ ಕಿವಿಯಲ್ಲಿ ಉಸುರಿ, ಹೌದು ಸಾರ್, ಹೋಗಿಬಿಟ್ಟ ಪಾಪ ಅಂತ ಸೆರಗಿಲ್ಲದಿದ್ದರೂ ತೋಳಿನಿಂದ ಕಣ್ಣೊರೆಸಿದಳು. ಸಾಹೇಬ, ಹಾಗಾದರೆ ಅವರ ಹಿರಿಮಗ ಸಹಿ ಹಾಕಬೇಕು, ಆತ ಎಲ್ಲಿದ್ದಾನೆ ಅಂದ. ಅಲ್ಲಿಗೆ ಸತ್ತವನು ಮತ್ತೆ ಬದುಕಬೇಕಾಯಿತು. ಸತ್ತದ್ದಲ್ಲ, ಮನೆಬಿಟ್ಟು ಹೋದದ್ದು, ನಾವು ದುಃಖಕ್ಕೆ ಹಾಗೆ ಅನ್ನುತ್ತೇವೆ ಅಂತ ಮೂರಕ್ಕ ತಿದ್ದಿಕೊಂಡಳು. ಸಾಹೇಬನ ಮುಖ ಅರಳಿತು. ಮಧ್ಯಾಹ್ನದ ದೋಣಿ ಬರುವ ತನಕ ಕಾಯುತ್ತೇನೆ, ಅವರನ್ನು ಕರೆಸಿ, ಆಗದಿದ್ದರೆ ಬೇಸರ ಬೇಡ, ಆಚೆ ದಂಡೆಯಲ್ಲೂ ಒಂದು ಮಿಠಾಯಿ ಕಾರ್ಖಾನೆ ನೋಡುವುದಿದೆ ಅಂದ.

ಅಡುಗೆಮನೆಯಲ್ಲಿ ಅಣ್ಣತಂಗಿ ಎದುರುಬದುರು ನಿಂತರು. ಒಬ್ಬ ಅಣ್ಣನನ್ನು ಹುಟ್ಟಿಸಲೇಬೇಕು ಅಂತ ಮೂರಕ್ಕ. ನನ್ನ ಅಪ್ಪನ ಮನೆಯಲ್ಲಿ ನಿಂತು ಇನ್ನೊಬ್ಬನನ್ನು ಅಣ್ಣ ಅನ್ನಲಾರೆ ಅಂತ ಎರಡಣ್ಣ. ಮೂರಕ್ಕ ಕವುಚಿ ಹಾಕಿದ್ದ ಕೊಪ್ಪರಿಗೆಯ ಕಡೆ ಕೈ ತೋರಿಸಿದಳು. ಎರಡಣ್ಣ ಅದನ್ನು ನೋಡಿದ. “ಯಾರನ್ನ ಕರೆಯೋದು?” ಅಂದ.

ಒಂಬತ್ತಣ್ಣನನ್ನು ಕರೆದರು. ಮೂರು ಮನೆ ಆಚೆ ಇರುವವನು, ಒಂಟಿ. ಒಡಹುಟ್ಟಿದವರಲ್ಲಿ ಎಲ್ಲರಿಗಿಂತ ಕಿರಿಯ. ಮೇಲಿನ ಏಳು ಜನ ಹೇಳಿದ ಹಾಗೆ ಕೇಳಿಕೊಂಡು, ಅವರ ಹಳೇ ಅಂಗಿ ಹಾಕಿಕೊಂಡು, ಅವರು ಬಿಟ್ಟ ಮೀನಿನ ತಲೆ ತಿಂದುಕೊಂಡು ಅರವತ್ತು ವರ್ಷ ಮುಟ್ಟಿಸಿದ್ದ. ಕೆಲಸ ಅಂದರೆ ಹುಂಜ ಸಾಕುವುದು, ಮಾತಾಡುವುದು. ಆದರೆ ಬೆಳ್ಳಗಿನ ಗಡ್ಡ ಎದೆಯ ತನಕ ಇತ್ತು. ಸುಮ್ಮನೆ ಕೂತರೆ ದೊಡ್ಡ ಮನುಷ್ಯನ ಹಾಗೆ ಕಾಣುತ್ತಿದ್ದ. ಸುಮ್ಮನೆ ಕೂರುವುದೊಂದೇ ಅವನಿಂದ ಆಗದ ಕೆಲಸ.

ಎರಡಣ್ಣ ತನ್ನ ಹೊಸ ಬಿಳಿ ಅಂಗಿ ಬಿಚ್ಚಿ ಅವನಿಗೆ ತೊಡಿಸಿದ. ಬಂದು ಕೂರಬೇಕು, ಉಣ್ಣಬೇಕು, ‘ನಮ್ಮ ತಮ್ಮ ಏನು ಮಾಡಿದರೂ ನನಗೆ ಒಪ್ಪಿಗೆ’ ಅಂತ ಒಂದು ಮಾತು ಹೇಳಿ ಎದ್ದುಹೋಗಬೇಕು, ಇಷ್ಟೇ ಅಂತ ಮೂರು ಸಲ ಬಾಯಿಪಾಠ ಮಾಡಿಸಿದ. ಒಂಬತ್ತಣ್ಣ ಗುಂಡಿ ಹಾಕಿಕೊಳ್ಳುತ್ತಾ, ದೊಡ್ಡವರಿಗೆ ಇಷ್ಟೆಲ್ಲ ಪಾಠ ಹೇಳಬಾರದು ಕಣೋ ತಮ್ಮಾ ಅಂದ.

ಊಟಕ್ಕೆ ಅವನು ಹಿತ್ತಿಲಿನಿಂದ ಸುತ್ತಿಕೊಂಡು ಮುಂಬಾಗಿಲಲ್ಲಿ ಬಂದ. ಬಾಗಿಲಲ್ಲೇ ನಿಂತು, ಎಷ್ಟು ವರ್ಷವಾಯಿತು ಈ ಮನೆ ನೋಡಿ ಅಂತ ಕಂಬ ಸವರಿದ. ಹಿಂದಿನ ದಿನ ಸಂಜೆ ಅದೇ ಕಂಬಕ್ಕೆ ಒರಗಿ ಹಲ್ಲಿಗೆ ಕಡ್ಡಿ ಹಾಕಿಕೊಂಡಿದ್ದ. ಸಾಹೇಬ ಎದ್ದು ಸೊಂಟ ಮುರಿಯುವಷ್ಟು ಬಗ್ಗಿದ. ಎರಡಣ್ಣನ ಅಪ್ಪ ಕೂರುತ್ತಿದ್ದ ಮರದ ಮಂಚದ ಮೇಲೆ ಒಂಬತ್ತಣ್ಣ ಪದ್ಮಾಸನ ಹಾಕಿ ಕೂತ. ಆ ಮಂಚದ ಮೇಲೆ ಎರಡಣ್ಣ ಕೂಡ ಹಬ್ಬದ ದಿನ ಮಾತ್ರ ಕೂರುತ್ತಿದ್ದದ್ದು.

ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಮೀನು, ಹುಣಿಸೆ ಹಾಕಿದ ಸಾರು, ಅಕ್ಕಿ ಸಾರಾಯಿ. ನಮ್ಮಲ್ಲಿ ಸಾರಾಯಿಗೆ ಒಂದೇ ಲೋಟ, ದೊಡ್ಡವರಿಂದ ಸುತ್ತು ಶುರು. ಒಂಬತ್ತಣ್ಣ ಮೊದಲು ಕುಡಿದ, ಸಾಹೇಬ ಆಮೇಲೆ, ಎರಡಣ್ಣ ಕೊನೆಗೆ. ‘ತಮ್ಮಾ, ಐಸು. ತಮ್ಮಾ, ಮೆಣಸಿನಕಾಯಿ. ತಮ್ಮಾ, ಫ್ಯಾನು ಈ ಕಡೆ ತಿರುಗಿಸು’ ಅಂತ ಸಾಗಿತು. ಎರಡಣ್ಣ ಹಲ್ಲು ಕಚ್ಚಿ ಐಸು ತಂದ, ಮೆಣಸಿನಕಾಯಿ ತಂದ, ಫ್ಯಾನು ತಿರುಗಿಸಿದ. ಸಹಿ ಆಗಲಿ, ಆಮೇಲೆ ಇವನ ಗಡ್ಡ ಹಿಡಿದು ಕಾಲುವೆಗೆ ಅದ್ದುತ್ತೇನೆ ಅಂತ ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಂಡ.

ಸಾಹೇಬ ಚಾಪ್‌ಸ್ಟಿಕ್ ಕೆಳಗಿಟ್ಟು ವಿಷಯ ತೆಗೆದ. ಲಾಭದಲ್ಲಿ ನಮಗೆ ಅರ್ಧ, ತಮಗೆ ಸಮ್ಮತವೇ ಅಂತ ಕೇಳಿದ. ಅದೇ ಗಳಿಗೆಯಲ್ಲಿ ಒಂಬತ್ತಣ್ಣನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿತು. ಬಾಯಿಪಾಠ ಮಾಡಿದ ಮಾತು ಮುಳ್ಳಿನ ಹಿಂದೆ ಉಳಿಯಿತು. ಅವನು ಕಣ್ಣು ಕಣ್ಣು ಬಿಟ್ಟು, “ಊಹೂಂ,” ಅಂದ.

ಸಾಹೇಬ ನೆಟ್ಟಗೆ ಕೂತ. ನೂರಕ್ಕೆ ನಲವತ್ತು ಪಾಲು ಅಂದ. ಒಂಬತ್ತಣ್ಣ ಕುತ್ತಿಗೆ ಹಿಡಿದುಕೊಂಡು ತಲೆಯನ್ನು ಜೋರಾಗಿ ಅಲ್ಲಾಡಿಸಿ, “ಊಹೂಂ, ಊಹೂಂ,” ಅಂದ. ಮೂವತ್ತೈದು, ಇದಕ್ಕಿಂತ ಕೆಳಗೆ ನಮ್ಮಿಂದ ಆಗದು ಅಂದ ಸಾಹೇಬ. ಎರಡಣ್ಣ ಹಿಂದಿನಿಂದ ಬಂದು ಒಂಬತ್ತಣ್ಣನ ಬೆನ್ನಿಗೆ ಗುದ್ದಿದ, ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಗುದ್ದಿದ. ಮುಳ್ಳು ಹಾರಿ ಸಾರಿನ ಬಟ್ಟಲಿಗೆ ಬಿತ್ತು. “ಆಯ್ತು, ಆಯ್ತು,” ಅಂತ ಒಂಬತ್ತಣ್ಣ ಉಸಿರೆಳೆದುಕೊಂಡ.

ಸಾಹೇಬನಿಗೆ ಆನಂದ ತಡೆಯಲಾಗಲಿಲ್ಲ. ಈ ದೇಶಕ್ಕೆ ಬಂದಾಗಿನಿಂದ ಎಲ್ಲರೂ ನನಗೆ ಹೂಂ ಅಂದಿದ್ದಾರೆ, ಯಾವುದೂ ನಡೆದಿಲ್ಲ, ಮುಖಕ್ಕೆ ಹೊಡೆದ ಹಾಗೆ ಊಹೂಂ ಅಂದವರು ಇವರೊಬ್ಬರೇ, ಇವರೇ ನಿಜವಾದ ಯಜಮಾನರು ಅಂತ ಒಂಬತ್ತಣ್ಣನ ಕೈ ಹಿಡಿದು ಕುಲುಕಿದ. ಎರಡಣ್ಣನಿಗೆ ಸಿಟ್ಟು ಬರಬೇಕೋ ಸಂತೋಷ ಪಡಬೇಕೋ ತಿಳಿಯಲಿಲ್ಲ. ಒಂದು ಮೀನಿನ ಮುಳ್ಳು ಲಾಭದಲ್ಲಿ ಅಷ್ಟು ಪಾಲು ಉಳಿಸಿಕೊಟ್ಟಿತ್ತು, ಆದರೆ ಹೆಸರು ಹುಂಜ ಸಾಕುವವನಿಗೆ ಹೋಗಿತ್ತು.

ಅಷ್ಟೊತ್ತಿಗೆ ಕಿಟಕಿಯಿಂದ ಸುತ್ತುವ ಹೆಂಗಸೊಬ್ಬಳು ಇಣುಕಿ, ಒಂಬತ್ತಣ್ಣಾ, ನಿನ್ನ ಹುಂಜ ಬಂದು ನಮ್ಮ ಹಾಳೆ ಕೆದರ್ತಿದೆ ಅಂತ ಕೂಗಿಬಿಟ್ಟಳು. ಸಾಹೇಬನ ಹುಬ್ಬು ಮೇಲೇರಿತು. ಒಂಬತ್ತು ಯಾರು ಅಂದ. ಎರಡಣ್ಣನಿಗೆ ನೆಲ ಬಿರಿದ ಹಾಗಾಯಿತು. ಮೂರಕ್ಕ ಮಾತ್ರ ಕಣ್ಣು ಮಿಟುಕಿಸದೆ, ನಮ್ಮ ಕಡೆ ಮರ್ಯಾದೆಗೆ ದೊಡ್ಡವರ ನಿಜವಾದ ಅಂಕಿ ಹೇಳೋದಿಲ್ಲ ಸಾರ್, ಒಂದನೆಯವರನ್ನ ಒಂಬತ್ತು ಅಂತ ಕರೀತೀವಿ ಅಂದಳು.

ಸಾಹೇಬ ತೊಡೆ ತಟ್ಟಿದ. ಇದನ್ನೇ ನಮ್ಮ ಮೇಡಂ ಹೇಳಿದ್ದು, ಈ ಜನ ಯಾವುದನ್ನೂ ಇದ್ದ ಹಾಗೆ ಹೇಳುವುದಿಲ್ಲ, ಎಷ್ಟು ಸುಂದರವಾದ ಪದ್ಧತಿ ಅಂದ.

ಒಂದನೆಯವನನ್ನು ಎರಡು ಅನ್ನುತ್ತೇವೆ ಅಂತ ಬೆಳಗಿನಿಂದ ಬಾಯಿ ಒಣಗಿಸಿಕೊಂಡು ನಿಜ ಹೇಳಿದರೆ ನಂಬದವನು, ಒಂಬತ್ತು ಅನ್ನುತ್ತೇವೆ ಅಂತ ಸುಳ್ಳು ಹೇಳಿದ ತಕ್ಷಣ ನಂಬಿದನಲ್ಲ. ಎರಡಣ್ಣ ತಡೆಯಲಾರದೆ, ಹಾಗೇ ಕೆಲವು ಕಡೆ ಒಂದನೆಯವನನ್ನ ಎರಡು ಅಂತಲೂ ಕರೀತಾರೆ ಸಾರ್ ಅಂತ ಕೊನೆಯ ಪ್ರಯತ್ನ ಮಾಡಿದ. ಸಾಹೇಬ ಅವನ ಭುಜದ ಮೇಲೆ ಕೈಯಿಟ್ಟು, ಮೇಲೆ ಬರಬೇಕೆಂಬ ಆಸೆ ಎಲ್ಲ ತಮ್ಮಂದಿರಿಗೂ ಇರುವುದೇ ಅಂತ ಮೆಲ್ಲಗೆ ಸಮಾಧಾನ ಹೇಳಿದ.

ಊಟವಾದ ಮೇಲೆ ಎರಡಣ್ಣ ಒಂಬತ್ತಣ್ಣನನ್ನು ತೆಂಗಿನ ಚಿಪ್ಪಿನ ರಾಶಿಯ ಹಿಂದೆ ಎಳೆದುಕೊಂಡು ಹೋದ. ಕೆಲಸ ಮುಗಿಯಿತು, ಒಪ್ಪಿಗೆ ಇದೆ ಅಂತ ಹೇಳಿ ಮನೆಗೆ ಹೋಗು, ಸಹಿ ನಾನು ಹಾಕುತ್ತೇನೆ ಅಂದ. ಒಂಬತ್ತಣ್ಣ ಗಡ್ಡ ನೀವಿಕೊಳ್ಳುತ್ತಾ ಬೇರೆ ಕಡೆ ನೋಡಿದ.

“ಅಣ್ಣ ಅಂತ ಒಂದ್ಸಲ ಕರಿ. ಅವನ ಮುಂದೆ ಅಲ್ಲ, ಇಲ್ಲಿ. ಹುಟ್ಟಿದಾಗಿಂದ ಒಬ್ಬರೂ ನನ್ನನ್ನ ಒಂದು ಮಾತು ಕೇಳಿದವರಿಲ್ಲ ಲೋಯ್. ನಮ್ಮಪ್ಪ ಸತ್ತಾಗ ಎಲ್ಲಿ ಹೂಳೋದು ಅಂತ ಕೂಡ ಏಳು ಜನ ಸೇರಿ ಮಾತಾಡ್ಕೊಂಡ್ರು, ನನ್ನನ್ನ ಚಹಾ ತರೋಕೆ ಕಳಿಸಿದ್ರು. ಇವತ್ತು ಒಬ್ಬ ಬಂದು ಕೈಮುಗಿದು ಸಮ್ಮತವೇ ಅಂತ ಕೇಳ್ದ.”

ಈ ಮನುಷ್ಯನ ಮೇಲೆ ಪಾಪ ಅನ್ನಿಸಿದ್ದೇ ಅವತ್ತು ಎರಡಣ್ಣ ಮಾಡಿದ ದೊಡ್ಡ ತಪ್ಪು. “ಆಯ್ತು ಅಣ್ಣಾ, ಈಗ ನಡಿ,” ಅಂದುಬಿಟ್ಟ.

ಒಳಗೆ ಸಾಹೇಬ ಕೋಟಿನ ಗುಂಡಿ ಬಿಚ್ಚಿ ಪೆನ್ನು ತೆಗೆದಿದ್ದ. ಕಿಟಕಿಯ ತುಂಬ ಮುಖಗಳು. ಕೋಣೆಯ ಅಗುಳಿ ತೆಗೆದು ಎರಡತ್ತಿಗೆಯೂ ಬಂದು ಬಾಗಿಲಲ್ಲಿ ನಿಂತಳು. ಎರಡಣ್ಣ ಕೈ ಒರೆಸಿಕೊಂಡು ಮುಂದೆ ಹೋದ. ಸಾಹೇಬ ಕಾಗದವನ್ನು ಅವನ ಮುಂದಿನಿಂದ ಹಾಗೇ ಜಾರಿಸಿ ಮಂಚದ ಮೇಲೆ ಒಂಬತ್ತಣ್ಣನ ಮುಂದೆ ಇಟ್ಟ. ಒಂಬತ್ತಣ್ಣ ಎರಡಣ್ಣನ ಮುಖ ನೋಡಿದ. ಎರಡಣ್ಣ ಅಪ್ಪನ ಫೋಟೋ ನೋಡಿದ. ಯಾರ ಸಹಿಯಾದರೇನು, ಒಲೆ ಉರಿದರೆ ಸಾಕು, ನಿರ್ದೇಶಕನ ಕುರ್ಚಿ ಯಾರಿಗೆ ಬೇಕು ಅಂತ ಗಟ್ಟಿ ಮನಸ್ಸು ಮಾಡಿ ಕಣ್ಣಲ್ಲೇ ಅಪ್ಪಣೆ ಕೊಟ್ಟ. ಒಂಬತ್ತಣ್ಣ ಓದದೆಯೇ ಸಹಿ ಹಾಕಿದ. ಅರ್ಧ ಹಾಳೆ ತುಂಬುವಷ್ಟು ದೊಡ್ಡದಾಗಿ ಹಾಕಿದ. ಅದರ ಕೆಳಗೆ ಸಾಹೇಬನೂ ಹಾಕಿದ. ಹೊರಗೆ ಹೆಂಗಸರು ಚಪ್ಪಾಳೆ ಹೊಡೆದರು, ಮೂರಕ್ಕ ಕವುಚಿದ್ದ ಕೊಪ್ಪರಿಗೆಯನ್ನು ನೆಟ್ಟಗೆ ಮಾಡಿ ತೊಳೆಯಲು ಹೇಳಿಕಳಿಸಿದಳು. ಎರಡಣ್ಣನಿಗೆ ಕಣ್ಣು ತುಂಬಿ ಬಂತು.

ಯಂತ್ರ ಯಾವಾಗ ಬರುತ್ತದೆ ಸಾರ್ ಅಂತ ಕೇಳಿದ.

“ಯಂತ್ರವೇ? ಅದನ್ನು ತೀರ್ಮಾನಿಸಲು ನಾನು ಯಾರು?” ಅಂದ ಸಾಹೇಬ. “ನಮ್ಮ ಮನೆಯಲ್ಲಿ ನಾನು ಎರಡನೆಯವನು.”

ಚಪ್ಪಾಳೆ ನಿಂತಿತು.

ಸಾಹೇಬ ಕಾಗದ ಮಡಚಿಕೊಳ್ಳುತ್ತಾ ಎಲ್ಲ ಬಿಡಿಸಿ ಹೇಳಿದ. ಕಂಪನಿ ಅವನ ಅಣ್ಣನದು. ಕುರ್ಚಿಯವರ ವ್ಯವಹಾರ ಕೆಟ್ಟಮೇಲೆ ಅಣ್ಣ ಇವನ ಕೈಯಿಂದ ಅಧಿಕಾರವನ್ನೆಲ್ಲ ಕಿತ್ತುಕೊಂಡು, ನೀನು ಯಾವನೋ ಎರಡನೆಯವನನ್ನು ಹುಡುಕಿ ಸಹಿ ಹಾಕಿಸಿಕೊಂಡು ಬರುತ್ತೀಯ, ಇನ್ನು ಮೇಲೆ ಮೊದಲು ಮನೆಯ ಹಿರಿಯರನ್ನು ಕಂಡು ಬಾ, ಆಮೇಲೆ ನಾನು ಹೋಗುತ್ತೇನೆ ಅಂದಿದ್ದನಂತೆ. ಇವತ್ತು ಸಹಿ ಆದದ್ದು ಅಷ್ಟಕ್ಕೇ: ಒಂದನೆಯವರನ್ನು ಕಂಡೆ, ಮಾತಾಡಿದೆ, ಊಟ ಮಾಡಿದೆ. ಹೊಸವರ್ಷದ ಟೆಟ್ ಹಬ್ಬ ಕಳೆದಮೇಲೆ ಅಣ್ಣ ಬಂದು ಇದೇ ಮನೆಯಲ್ಲಿ ಒಂದಣ್ಣನವರ ಜೊತೆ ಕೆಲವು ವಾರ ಉಳಿದು, ಮನಸ್ಸಿಗೆ ಬಂದರೆ ಯಂತ್ರದ ಮಾತು. ಅಲ್ಲಿಯ ತನಕ ಒಂದಣ್ಣನವರು ದಯವಿಟ್ಟು ಮತ್ತೆ ಮನೆಬಿಟ್ಟು ಹೋಗಬಾರದು, ವಾರಕ್ಕೊಮ್ಮೆ ನಮ್ಮ ಅಣ್ಣ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತಾನೆ, ಅವನು ಬಹಳ ಅನುಮಾನದ ಮನುಷ್ಯ.

ನಾನೇ ಒಂದನೆಯವನು ಅಂತ ಎರಡಣ್ಣ ಈಗ ಕೂಗಬಹುದಿತ್ತು. ಆದರೆ ಕೂಗಿದರೆ ಮಂಚದ ಮೇಲೆ ಕೂತವನು ಯಾರು ಅಂತ ಹೇಳಬೇಕಾಗುತ್ತಿತ್ತು.

ಸಾಹೇಬ ದೋಣಿ ಹತ್ತುವ ಮುಂಚೆ ಅವನನ್ನು ಪಕ್ಕಕ್ಕೆ ಕರೆದ. ಬೆಳಗಿನಿಂದ ನೀವು ಪಟ್ಟ ಪಾಡನ್ನೆಲ್ಲ ನೋಡಿದೆ, ಕೆಲಸ ಎಲ್ಲ ನಿಮ್ಮದು, ಹೆಸರು ಅವರದು ಅಂದ. “ನಮ್ಮಂಥ ಎರಡನೆಯವರ ಕಷ್ಟ ನಮಗೇ ಗೊತ್ತು,” ಅಂತ ಎರಡಣ್ಣನನ್ನು ಬಿಗಿಯಾಗಿ ಅಪ್ಪಿಕೊಂಡು ದೋಣಿಗೆ ಇಳಿದ. ಆಚೆ ದಂಡೆಯ ಕಡೆ ಮುಖ ಕೂಡ ಹಾಕಲಿಲ್ಲ, ಸೀದಾ ಪಟ್ಟಣಕ್ಕೆ ಹೋದ.

ದೋಣಿ ತಿರುವು ದಾಟುವ ತನಕ ಎರಡಣ್ಣ ಬನೀನಿನಲ್ಲೇ ದಂಡೆಯ ಮೇಲೆ ನಿಂತಿದ್ದ. ಆಮೇಲೆ ಎದೆಯಲ್ಲಿ ಉಸಿರು ತುಂಬಿಕೊಂಡು, ಕಾಲುವೆ ಉದ್ದಕ್ಕೂ ಕೇಳಿಸುವ ಹಾಗೆ, ನಾನೇ ಕಣಯ್ಯಾ ದೊಡ್ಡೋನು ಅಂತ ಅರಚಿದ.

ನಡುಮನೆಯಿಂದ, ಅಪ್ಪನ ಮಂಚದ ಮೇಲಿಂದ, ನಿದ್ದೆಗಣ್ಣಿನ ದನಿ ಬಂತು.

“ತಮ್ಮಾ, ಮೆಲ್ಲಗೆ. ದೊಡ್ಡೋರು ಮಲಗಿರೋದು ಕಾಣಲ್ವಾ?”